ತಟ್ಟೆ ಎತ್ತುವ ಮುಂಚಿನ ಹತ್ತು ನಿಮಿಷ

ಪ್ರಶ್ನೆ: ಅಮ್ಮನವರಿಗೆ ವಂದನೆಗಳು. ನಮ್ಮದು ಮೂಲತಃ ಗದಗ-ಬೆಟಗೇರಿ, ಈಗ ಬೆಂಗಳೂರಿನಲ್ಲಿದ್ದೇವೆ. ಮಗಳಿಗೆ 12 ವರ್ಷ, ಮಗನಿಗೆ 7. ಅತ್ತೆಯವರು ನಮ್ಮ ಜೊತೆಗಿದ್ದಾರೆ. ಊರಿನ ವಾಡಿಕೆಯಂತೆ ರಾತ್ರಿ ಮನೆ ಪ್ರಾರ್ಥನೆಯನ್ನು ಇದುವರೆಗೆ ಬಿಟ್ಟಿಲ್ಲ, ಆದರೆ ಅದು ಮುಗಿಯುವುದು ಜಗಳದಲ್ಲೇ. ಅತ್ತೆಯವರು ಆಮೆನ್ ಹೇಳುವಷ್ಟರಲ್ಲಿ ಮಗ ನಿದ್ದೆ ಹೋಗಿರುತ್ತಾನೆ, ಮಗಳು ತೊಡೆಯ ಮೇಲಿನ ಮೊಬೈಲ್ ನೋಡುತ್ತಿರುತ್ತಾಳೆ. ಇಬ್ಬರಿಗೂ ಕನ್ನಡ ಸತ್ಯವೇದ (ಬೈಬಲ್) ಸರಾಗವಾಗಿ ಓದಲು ಬರುವುದಿಲ್ಲ. ನಮ್ಮವರಿಗೆ ಶಿಫ್ಟ್ ಕೆಲಸ, ಹಾಗಾಗಿ ಎಲ್ಲಾ ನನ್ನ ತಲೆಯ ಮೇಲೆ. ಹೋದ ವರ್ಷ ಮಾವನವರು ತೀರಿಕೊಂಡರು. ಮೊನ್ನೆ ಮಗಳು, "ಅಜ್ಜ ಹುಷಾರಾಗ್ಲಿ ಅಂತ ದಿನಾ ಪ್ರಾರ್ಥನೆ ಮಾಡ್ದೆ, ದೇವರು ಕೇಳ್ಲಿಲ್ಲ. ಇನ್ನು ಯಾಕೆ ಮಾಡ್ಬೇಕು?" ಎಂದಳು. ನಾನು ಬೈದು ಮಲಗಿಸಿದೆ. ಮಕ್ಕಳನ್ನು ಭಕ್ತಿಯಲ್ಲಿ ಬೆಳೆಸುವುದರಲ್ಲಿ ಸೋತೆನೇ? ಯಾವುದಾದರೂ ಪುಸ್ತಕ ಇದ್ದರೆ ಹೇಳಿ.

ಉತ್ತರ: ಪ್ರೀತಿಯ ತಂಗಿ, ಮಗಳ ಮಾತನ್ನು ನೀವು ಪತ್ರದ ಕೊನೆಗೆ, ನಾಚಿಕೊಂಡು ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಮೂವತ್ತು ವರ್ಷಕ್ಕೂ ಮೇಲೆ ಸಂಡೇ ಸ್ಕೂಲ್ ನಡೆಸಿದವಳು ನಾನು. ದೇವರ ಮೇಲೆ ಸಿಟ್ಟು ಮಾಡಿಕೊಂಡ ಮಗುವನ್ನು ಕಂಡರೆ ನನಗೆ ಹೆದರಿಕೆಯಾಗುವುದಿಲ್ಲ. ಏನು ಕೇಳಿದರೂ "ಯೇಸಪ್ಪ" ಎಂದು ಉತ್ತರ ಕೊಟ್ಟು, ಬಿಸ್ಕೀಟ್ ಇಸಿದುಕೊಂಡು ಹೋಗುತ್ತದಲ್ಲ, ಆ ಮಗುವಿನ ಬಗ್ಗೆ ಸ್ವಲ್ಪ ಚಿಂತೆ. ಸಿಟ್ಟು ಬರಬೇಕಾದರೆ ಎದುರಿಗೆ ಒಬ್ಬರಿರಬೇಕು. ನಿಮ್ಮ ಮಗಳಿಗೆ ದೇವರು ಇನ್ನೂ ಎದುರಿಗೇ ಇದ್ದಾನೆ.

ಇವತ್ತೋ ನಾಳೆಯೋ ಅವಳ ಪಕ್ಕ ಕೂತು ಮೊದಲು ಹೇಳಬೇಕಾದದ್ದು, "ಅವತ್ತು ಬೈದದ್ದು ತಪ್ಪಾಯಿತು" ಎಂದು. ಎರಡನೆಯದು, "ಅಜ್ಜನನ್ನು ದೇವರು ಯಾಕೆ ಉಳಿಸಲಿಲ್ಲ ಅಂತ ನನಗೂ ಗೊತ್ತಿಲ್ಲ" ಎಂದು. ಆ ಎರಡನೆಯ ಮಾತು ಬಾಯಿಗೆ ಬರುವುದು ಕಷ್ಟ. ನಮಗೆಲ್ಲ ತಕ್ಷಣ ಏನಾದರೊಂದು ಸಮಾಧಾನ ಹೇಳಿಬಿಡುವ ಚಟ. "ದೇವರಿಗೆ ಅಜ್ಜ ಬೇಕಾಗಿದ್ದರು, ಕರಕೊಂಡ" ಅನ್ನುತ್ತೇವೆ. ಮಗು ಅದನ್ನು ಅಕ್ಷರಶಃ ತೆಗೆದುಕೊಳ್ಳುತ್ತದೆ. ಬೇಕಾದವರನ್ನೆಲ್ಲ ಕರೆದುಕೊಂಡು ಹೋಗುವ ದೇವರು ನಾಳೆ ಅಮ್ಮನನ್ನೂ ಕರೆದುಕೊಂಡರೆ? ನನ್ನ ತರಗತಿಯ ಒಬ್ಬ ಹುಡುಗ ಇದೇ ಕಾರಣಕ್ಕೆ ಎಷ್ಟೋ ದಿನ ತಾಯಿಯ ಸೆರಗು ಬಿಡದೆ ಓಡಾಡಿದ. "ನಂಬಿಕೆ ಸಾಲದೆ ಹೋಯಿತು" ಎನ್ನುವುದಂತೂ ಇನ್ನೂ ಕೆಟ್ಟದ್ದು. ಅಜ್ಜನ ಸಾವಿನ ಭಾರವನ್ನು ಹನ್ನೆರಡು ವರ್ಷದ ಹುಡುಗಿಯ ಹೆಗಲಿಗೆ ಹೊರಿಸಿದ ಹಾಗೆ.

ಸತ್ಯವೇದವೇ ಇಂಥ ಕಡೆ ನಮಗಿಂತ ಧೈರ್ಯಸ್ಥ. 13ನೆಯ ಕೀರ್ತನೆಯನ್ನು ಅವಳ ಜೊತೆ ಓದಿ. ಇನ್ನೆಷ್ಟು ಕಾಲ, ಇನ್ನೆಷ್ಟು ಕಾಲ ಎಂದು ಆರಂಭದಲ್ಲೇ ನಾಲ್ಕು ಸಲ ದೇವರನ್ನು ಕೇಳುತ್ತದೆ. 88ನೆಯ ಕೀರ್ತನೆ ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರದ ಸಾಲೂ ಇಲ್ಲ. ಅದನ್ನೂ ಯಾರೂ ಕಿತ್ತುಹಾಕಲಿಲ್ಲ. ಲಾಜರನ ಸಮಾಧಿಯ ಮುಂದೆ ಯೇಸು ಕಣ್ಣೀರು ಬಿಟ್ಟದ್ದು, ಗೆತ್ಸೇಮನೆ ತೋಟದಲ್ಲಿ "ಈ ಪಾತ್ರೆಯನ್ನು (ಎಂದರೆ ಮುಂದಿದ್ದ ಸಂಕಟವನ್ನು) ನನ್ನಿಂದ ತೊಲಗಿಸು" ಎಂದು ಆತನೇ ಬೇಡಿಕೊಂಡರೂ ಪಾತ್ರೆ ತೊಲಗದೆ ಹೋದದ್ದು, ಇವನ್ನು ನಾವು ಮಕ್ಕಳಿಗೆ ಶುಭ ಶುಕ್ರವಾರದ ಕಥೆಯಾಗಿ ಮಾತ್ರ ಹೇಳುತ್ತೇವೆ. ಬೇಡಿದ್ದು ಸಿಗದ ಪ್ರಾರ್ಥನೆಯ ಅನುಭವ ಯೇಸುವಿಗೂ ಉಂಟು ಎಂದು ನಿಮ್ಮ ಮಗಳಿಗೆ ಯಾರಾದರೂ ಹೇಳಿದ್ದಾರೆಯೇ? ನೀವೇ ಹೇಳಿ. ಹೇಳಿ ಸುಮ್ಮನಾಗಿ. ಅವಳು ಅತ್ತರೆ ಅಳಲಿ. ಕೊನೆಗೆ ಪ್ರಾರ್ಥನೆ ಮಾಡಿಸಲು ಹೋಗಬೇಡಿ, ಅಜ್ಜನ ಫೋಟೊ ತೆಗೆದು ನೋಡಿ, ಅಷ್ಟು ಸಾಕು.

ಈಗ ರಾತ್ರಿಯ ಜಗಳಕ್ಕೆ ಬರೋಣ.

ಮಕ್ಕಳಿಗೆ ಕಲಿಸುವುದೆಂದರೆ ನಾವು ಹೇಳುವುದು, ಅವರು ಕೇಳಿಸಿಕೊಳ್ಳುವುದು ಎಂದುಕೊಂಡಿದ್ದೇವೆ. ಮೋಶೆಯ ಪುಸ್ತಕಗಳಲ್ಲಿ ನೋಡಿದರೆ ಇದು ತಿರುಗುಮುರುಗು. ಇಸ್ರಾಯೇಲರು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡುಗಡೆಯಾದ ನೆನಪಿನ ಪಸ್ಕಹಬ್ಬದ ವಿಷಯ ಹೇಳುವಾಗ ವಿಮೋಚನಕಾಂಡ 12ರಲ್ಲಿ, ನಿಮ್ಮ ಮಕ್ಕಳು ಈ ಆಚರಣೆಯ ಅರ್ಥವೇನೆಂದು ಕೇಳುವಾಗ ಹೀಗೆ ಹೇಳಿರಿ ಎಂದಿದೆ. ಧರ್ಮೋಪದೇಶಕಾಂಡ 6ರಲ್ಲಿ ಮತ್ತೆ, ಮುಂದೆ ನಿಮ್ಮ ಮಗ ಕೇಳಿದಾಗ ಐಗುಪ್ತದ ಕಥೆ ಹೇಳಬೇಕು ಎಂದಿದೆ. ಯೆಹೋಶುವ ಯೊರ್ದನ್ ಹೊಳೆಯಿಂದ ಹನ್ನೆರಡು ಕಲ್ಲು ಎತ್ತಿಸಿ ನಿಲ್ಲಿಸಿದ್ದು ಯಾಕೆ? ಮುಂದೆ ಮಕ್ಕಳು "ಈ ಕಲ್ಲು ಏನು?" ಎಂದು ಕೇಳಲಿ ಎಂದು. ಮೂರೂ ಕಡೆ ಮೊದಲು ಬಾಯಿ ತೆರೆಯುವುದು ಮಗು. ದೊಡ್ಡವರ ಕೆಲಸ, ಮಗು ಕೇಳುವಂಥದ್ದೇನನ್ನೋ ಮನೆಯಲ್ಲಿ ಮಾಡುವುದು, ಕೇಳಿದಾಗ ಕೈಗೆ ಸಿಗುವುದು. ನನ್ನ ಅನುಭವದಲ್ಲಿ ಮನೆಯ ಭಕ್ತಿ ಕೆಟ್ಟುಹೋಗುವುದು ಹೆಚ್ಚಾಗಿ ಇಲ್ಲಿಯೇ. ಅರ್ಧ ಗಂಟೆ ಉಪದೇಶ ಇರುತ್ತದೆ, ಮಗುವಿಗೆ ಬಾಯಿ ತೆರೆಯಲು ಅರ್ಧ ನಿಮಿಷ ಇರುವುದಿಲ್ಲ.

ಹಾಗಾಗಿ ಸದ್ಯಕ್ಕೆ ಪ್ರಾರ್ಥನೆಯನ್ನು ಹತ್ತು ನಿಮಿಷಕ್ಕೆ ಇಳಿಸಿ. ಸಮಯವನ್ನೂ ಬದಲಿಸಿ. ಊಟ ಮುಗಿದು ಪಾತ್ರೆ ತೊಳೆದು, ಎಲ್ಲರೂ ಸುಸ್ತಾದ ಮೇಲೆ ಚಾಪೆ ಹಾಸಿ ಕೂತರೆ ಏಳು ವರ್ಷದವನು ಮಲಗದೆ ಇನ್ನೇನು ಮಾಡಿಯಾನು? ಊಟದ ಕೊನೆಯ ತುತ್ತಿನ ನಂತರ, ತಟ್ಟೆ ಎತ್ತುವ ಮುಂಚೆ, ಕೂತಲ್ಲೇ ಮಾಡಿ. ಕೈ ಒಣಗಿದರೆ ಒಣಗಲಿ. ಸಂಗೀತದ (ಭಕ್ತಿಗೀತೆಯ) ಒಂದು ಚರಣ, ಆರೆಂಟು ವಚನ, ಒಂದು ಪ್ರಶ್ನೆ, ಒಬ್ಬೊಬ್ಬರು ಒಂದೊಂದು ವಾಕ್ಯದ ಪ್ರಾರ್ಥನೆ. ಆ ಪ್ರಶ್ನೆ "ಇದರಿಂದ ನಾವೇನು ಕಲಿತೆವು?" ಆಗಿರಬಾರದು. ಅದು ಪರೀಕ್ಷೆಯ ಪ್ರಶ್ನೆ, ಉತ್ತರ ಗೊತ್ತಿದ್ದವನು ಮಾತ್ರ ಮಾತಾಡುತ್ತಾನೆ. "ಇದರಲ್ಲಿ ನಿನಗೆ ವಿಚಿತ್ರ ಅನ್ನಿಸಿದ್ದು ಯಾವುದು?" ಎಂದು ಕೇಳಿ ನೋಡಿ. ಒಮ್ಮೆ ನನ್ನ ಮೊಮ್ಮಗ ಪಾರ್ಶ್ವವಾಯು ರೋಗಿಯನ್ನು ಚಾವಣಿ ತೆಗೆದು ಯೇಸುವಿನ ಮುಂದೆ ಇಳಿಸಿದ ಕಥೆ ಕೇಳಿ, "ಅಜ್ಜೀ, ಮನೆ ಓನರ್ ಬೈಲಿಲ್ವಾ? ಆಮೇಲೆ ತಾರಸಿ ಯಾರು ರಿಪೇರಿ ಮಾಡಿಸಿದ್ರು?" ಎಂದ. ಬಾಡಿಗೆ ಮನೆಯಲ್ಲಿ ಬೆಳೆಯುವ ಮಗುವಿನ ಕಣ್ಣಿಗೆ ಮೊದಲು ಕಾಣುವುದೇ ಓನರ್! ಆ ರಾತ್ರಿ ನಾವು ನಕ್ಕದ್ದೇ ನಕ್ಕದ್ದು. ಆದರೆ ಗೆಳೆಯನಿಗಾಗಿ ಇನ್ನೊಬ್ಬರ ಮಾಳಿಗೆ ಒಡೆಯುವಷ್ಟು ಪ್ರೀತಿ ಎಂಥದ್ದು ಎಂಬ ಮಾತು ತಾನಾಗಿ ಬಂತು, ನಾನು ಎಳೆದು ತರಲಿಲ್ಲ.

ಮಾರ್ಕನ ಸುವಾರ್ತೆಯಿಂದ ಶುರು ಮಾಡಿ. ಯೇಸುವಿನ ಜೀವನ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಕಥೆ ಓಡುತ್ತದೆ. ರಾತ್ರಿಗೊಂದು ಪ್ರಸಂಗದಂತೆ ಓದಿದರೆ ಸುಮಾರು ಮೂರು ತಿಂಗಳು ಸಾಗುತ್ತದೆ. ಬೇರೆ ಪುಸ್ತಕ ಸದ್ಯಕ್ಕೆ ಕೊಳ್ಳಬೇಡಿ.

ಅತ್ತೆಯವರ ಉದ್ದ ಪ್ರಾರ್ಥನೆಯ ವಿಷಯ ಸೂಕ್ಷ್ಮ. "ಅತ್ತೀ, ನೀವು ಚಿಕ್ಕದು ಮಾಡ್ರಿ" ಎಂದು ಸೊಸೆ ಹೇಳಿದರೆ ಆ ಮಾತು ಬೆಟಗೇರಿಯವರೆಗೂ ಹೋಗುತ್ತದೆ. ಅವರಿಂದ ಏನನ್ನೂ ಕಿತ್ತುಕೊಳ್ಳಬೇಡಿ, ಬೇರೆಯದನ್ನು ಕೊಡಿ. ಮಗ ಮಲಗುವ ಹೊತ್ತಿಗೆ ಅವನ ಪಕ್ಕದಲ್ಲಿ ಕಥೆ ಹೇಳುವ ಕೆಲಸ ಅವರದ್ದಾಗಲಿ. ಯೋಸೇಫನ ಕಥೆಯನ್ನು ಓದಿ ಹೇಳುವ ತಾಯಿಗೂ, ಕಣ್ಣು ಮುಚ್ಚಿ ನೆನಪಿನಿಂದ ಹೇಳುವ ಅಜ್ಜಿಗೂ ಬಹಳ ವ್ಯತ್ಯಾಸ. ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಅವನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನಿಕೆಯಲ್ಲಿ ಇತ್ತು ಎಂದು ಹೆಸರು ಹಿಡಿದು ಹೇಳುತ್ತಾನೆ. ಅದನ್ನು ಅತ್ತೆಯವರಿಗೆ ತೋರಿಸಿ. ಉದ್ದ ಪ್ರಾರ್ಥನೆಯನ್ನು ಅವರು ಬೆಳಗಿನ ಜಾವ ಒಬ್ಬರೇ ಮಾಡಲಿ. ಆ ಹೊತ್ತಿನಲ್ಲಿ ನೀರು ಕುಡಿಯಲು ಎದ್ದ ಮೊಮ್ಮಗಳು, ಕತ್ತಲಲ್ಲಿ ಅಜ್ಜಿ ತನ್ನ ಹೆಸರು ಹೇಳಿ ಬೇಡುತ್ತಿರುವುದನ್ನು ಕೇಳಿಸಿಕೊಂಡರೆ, ಅದು ನಾನು ಬರೆದ ಈ ಇಡೀ ಪತ್ರಕ್ಕಿಂತ ದೊಡ್ಡದು.

ಭಾಷೆಯ ಕಷ್ಟ ನಿಮ್ಮದೊಂದೇ ಮನೆಯದಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ 1831ರ ಹೊತ್ತಿಗೆ ಇಡೀ ಸತ್ಯವೇದ ಕನ್ನಡಕ್ಕೆ ಬಂತು. ಆಮೇಲೆ ತಿದ್ದುಪಡಿಗಳಾದರೂ ನಾವು ದೇವಾಲಯದಲ್ಲಿ ಓದುವ ಕನ್ನಡಕ್ಕೆ ಇವತ್ತಿಗೂ ಒಂದು ಹಳೆಯ ಗತ್ತು ಇದೆ. ನನಗೆ ಅದು ಇಷ್ಟ. ಆದರೆ ಇಂಗ್ಲಿಷ್ ಮೀಡಿಯಂ ಮಗುವಿಗೆ "ಕೊರತೆಪಡೆನು" ಎಂದರೆ ಏನು ಗೊತ್ತಾಗಬೇಕು? ಮಗಳು ಇಂಗ್ಲಿಷಿನಲ್ಲಿ ಓದಲಿ, ಅದೇ ಭಾಗವನ್ನು ನೀವೋ ಅತ್ತೆಯವರೋ ಕನ್ನಡದಲ್ಲಿ ಓದಿ. ಸರಳ ಕನ್ನಡದ ಅನುವಾದಗಳೂ ಸಿಗುತ್ತವೆ, ಒಂದನ್ನು ಇಟ್ಟುಕೊಳ್ಳಿ. ಎರಡು ಭಾಷೆಯ ನಡುವೆ ಮಗು ಎಡವಿದ ಕಡೆಯಲ್ಲೇ ಮಾತು ಹುಟ್ಟುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. "ಯೆಹೋವನು ನನಗೆ ಕುರುಬನು" ಎಂದು 23ನೆಯ ಕೀರ್ತನೆಯನ್ನು ನಮ್ಮ ಸಂಡೇ ಸ್ಕೂಲ್ ಮಕ್ಕಳು ಪಟಪಟ ಒಪ್ಪಿಸುತ್ತಿದ್ದರು. ಅವರ ತಲೆಯಲ್ಲಿದ್ದದ್ದು ಕ್ಯಾಲೆಂಡರ್ ಚಿತ್ರದ ಬಿಳಿ ನಿಲುವಂಗಿ, ಹಸಿರು ಹುಲ್ಲು, ತೊಳೆದಿಟ್ಟಂಥ ಬಿಳಿ ಕುರಿ. ಒಂದು ಬೇಸಗೆಯಲ್ಲಿ ಧಾರವಾಡದ ಹೊರಗೆ ಒಕ್ಕಲು ಮುಗಿದ ಹೊಲದಲ್ಲಿ ಕುರಿಮಂದೆ ಇಳಿದಿತ್ತು. ಗೊಬ್ಬರಕ್ಕೆಂದು ಹೊಲದವರು ರಾತ್ರಿ ಕುರಿ ನಿಲ್ಲಿಸಿಕೊಳ್ಳುತ್ತಾರಲ್ಲ, ಹಾಗೆ. ಹದಿನೈದು ಮಕ್ಕಳನ್ನು ಸಂಜೆ ಅಲ್ಲಿಗೆ ನಡೆಸಿಕೊಂಡು ಹೋದೆ. ಕುರಿಗಳೆಲ್ಲ ಕಪ್ಪು, ಮೈತುಂಬ ಧೂಳು, ಗಬ್ಬು ನಾತ. ಕುರುಬಣ್ಣನ ಹೆಗಲ ಕಂಬಳಿಯೊಳಗಿನಿಂದ ಎರಡು ದಿನದ ಮರಿಯೊಂದು ತಲೆ ಹಾಕಿತ್ತು. "ಇದು ನಡೀಲಾಕ ಬರೂದಿಲ್ರೀ, ಅದಕ್ಕ ಹೊತ್ಕೊಂಡೀನಿ" ಎಂದರು. ಕೈಯಲ್ಲಿದ್ದ ಕೋಲು ಕುರಿ ಹೊಡೆಯುವುದಕ್ಕೆ ಎಂದುಕೊಂಡಿದ್ದ ಹುಡುಗನೊಬ್ಬ ಕೇಳಿಯೇಬಿಟ್ಟ. "ಕುರಿಗಲ್ಲಪಾ, ತ್ವಾಳಕ್ಕ" ಎಂದು ಅವರು ನಕ್ಕರು. ರಾತ್ರಿ ಎಲ್ಲಿ ಮಲಗುತ್ತೀರಿ ಎಂದರೆ ಮಂದೆಯ ಅಂಚು ತೋರಿಸಿದರು. ನಾನು ಒಂದು ಮಾತೂ ಬೋಧಿಸಲಿಲ್ಲ. ವಾಪಸ್ ಬರುವಾಗ ಕತ್ತಲಾಗಿತ್ತು. ಯಾರೋ ಶುರುಮಾಡಿದರು, ಎಲ್ಲರೂ ಕೀರ್ತನೆ ಹೇಳುತ್ತ ನಡೆದರು. "ನಿನ್ನ ದೊಣ್ಣೆಯೂ ನಿನ್ನ ಕೋಲೂ" ಬಂದಾಗ ಧ್ವನಿ ಏರಿತು. ಬೆಂಗಳೂರಿನಲ್ಲಿ ಕುರಿಮಂದೆ ಎಲ್ಲಿ ತರಲಿ ಎನ್ನಬೇಡಿ. ರಜೆಗೆ ಊರಿಗೆ ಬರುತ್ತೀರಲ್ಲ.

ಬಾಯಿಪಾಠದ ವಿಷಯಕ್ಕೆ ನನ್ನ ತಪ್ಪನ್ನೂ ಹೇಳಿಬಿಡಬೇಕು. ನನ್ನ ದೊಡ್ಡ ಮಗ ಚಿಕ್ಕವನಿದ್ದಾಗ ವಾಕ್ಯ ಒಪ್ಪಿಸದಿದ್ದರೆ ಊಟ ಇಲ್ಲ ಎಂಬ ಕಾನೂನು ಮಾಡಿದ್ದೆ. ಸಂಡೇ ಸ್ಕೂಲ್ ಟೀಚರ ಮಗ, ಬಹುಮಾನ ಅವನಿಗೇ ಬರಬೇಕು ಎಂಬ ನನ್ನ ಸೊಕ್ಕು ಅದು. ಒಂದು ರಾತ್ರಿ 34ನೆಯ ಕೀರ್ತನೆಯಲ್ಲಿ ಅವನು ಮತ್ತೆ ಮತ್ತೆ ತಪ್ಪಿದ. ಒಂಬತ್ತೂವರೆಯ ತನಕ ಒಲೆಯ ಮೇಲೆ ಸಾರು ಆರುತ್ತಿತ್ತು, ಅವನು ಬಿಕ್ಕುತ್ತ "ಯೆಹೋವನು ಸರ್ವೋತ್ತಮನೆಂದು ಅನುಭವ ಸವಿದು ನೋಡಿರಿ" ಎನ್ನುತ್ತಿದ್ದ. ಹಸಿದ ಹುಡುಗನ ಬಾಯಲ್ಲಿ "ಸವಿದು ನೋಡಿರಿ" ಎಂದು ಹೇಳಿಸುತ್ತಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ. ಈಗ ಅವನಿಗೆ ನಲವತ್ತು ದಾಟಿದೆ. ಆ ವಚನ ಕಿವಿಗೆ ಬಿದ್ದರೆ ಮೊದಲು ಹೊಟ್ಟೆ ಚುರ್ ಎನ್ನುತ್ತದಂತೆ. ತಮಾಷೆಯಾಗಿಯೇ ಹೇಳುತ್ತಾನೆ, ನನಗೆ ನಗು ಬರುವುದಿಲ್ಲ. ಬಾಯಿಪಾಠ ಬೇಡ ಎನ್ನುತ್ತಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಪುಸ್ತಕ ತೆರೆಯಲಾಗದ ಹೊತ್ತಿನಲ್ಲಿ ಬಾಯಿಗೆ ಬರುವುದು ಚಿಕ್ಕಂದಿನಲ್ಲಿ ಕಲಿತದ್ದೇ. ಆದರೆ ಅದನ್ನು ಹಾಡಿ ಕಲಿಸಿ, ಸ್ಕೂಲ್ ವ್ಯಾನಿಗೆ ಕಾಯುತ್ತ ಕಲಿಸಿ, ನೀವೂ ಅವರೊಂದಿಗೆ ಹೊಸದಾಗಿ ಕಲಿತು ತಪ್ಪಿ. ಶಿಕ್ಷೆಗೆ ಮಾತ್ರ ಸತ್ಯವೇದವನ್ನು ಬಳಸಬೇಡಿ. "ಹಂಗ ಮಾಡಿದರ ಯೇಸಪ್ಪ ಸಿಟ್ಟಾಗ್ತಾನ" ಎಂಬ ಮಾತೂ ಅದೇ ಜಾತಿಯದು. ಮಕ್ಕಳಿಗೆ ಕೋಪ ಎಬ್ಬಿಸಬೇಡಿರಿ ಎಂದು ಎಫೆಸದವರಿಗೆ ಬರೆದ ಪತ್ರದಲ್ಲಿ ಇರುವುದು ಮಕ್ಕಳಿಗಲ್ಲ, ಅಪ್ಪಂದಿರಿಗೆ.

ಅಪ್ಪಂದಿರೆಂದರೆ ನಿಮ್ಮವರ ಮಾತು ಬಂತು. ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕದಲ್ಲಿ, ಮನೆಯ ಯಜಮಾನ ತನ್ನ ಮನೆಯವರಿಗೆ ಸರಳವಾಗಿ ಕಲಿಸಬೇಕಾದ ರೀತಿ ಎಂದು ಪಾಠಪಾಠಕ್ಕೂ ತಲೆಬರಹ ಕೊಟ್ಟಿದ್ದಾನೆ. ನಮ್ಮ ಕಡೆ ಈ ಕೆಲಸ ಹೇಗೋ ಜಾರಿ ಜಾರಿ ಅಡುಗೆಮನೆಗೆ ಬಂದುಬಿಟ್ಟಿದೆ. ಅಪ್ಪ ಭಾನುವಾರ ಆರಾಧನೆಗೆ ಬೈಕಿನಲ್ಲಿ ಬಿಟ್ಟು, ಹೊರಗೆ ನಿಂತು ಫೋನಿನಲ್ಲಿ ಮಾತಾಡುವವ. ಮಗ ನೋಡುವುದು ಅಪ್ಪನನ್ನೇ. ಭಕ್ತಿ ಎನ್ನುವುದು ಹೆಂಗಸರು ಮಕ್ಕಳದ್ದು, ಮೀಸೆ ಬಂದ ಮೇಲೆ ಬಿಡುವಂಥದ್ದು ಎಂದು ಅವನು ಲೆಕ್ಕ ಹಾಕಿಕೊಳ್ಳುತ್ತಾನೆ.

ನಿಮ್ಮವರಿಗೆ ಉಪದೇಶ ಮಾಡಲು ಬರದಿದ್ದರೆ ಬೇಡವೇ ಬೇಡ. ಅರಣ್ಯಕಾಂಡ 6ರಲ್ಲಿ ಆರೋನನ ಆಶೀರ್ವಾದ ಇದೆ, "ಯೆಹೋವನು ನಿಮ್ಮನ್ನು ಆಶೀರ್ವದಿಸಿ ಕಾಪಾಡಲಿ" ಎಂದು ಅಯ್ಯನವರು ಆರಾಧನೆಯ ಕೊನೆಗೆ ಹೇಳುವುದು. ಹೇಳಲು ಹದಿನೈದು ಸೆಕೆಂಡ್ ಸಾಕು. ಮಲಗುವ ಮುಂಚೆ ಇಬ್ಬರ ತಲೆಯ ಮೇಲೂ ಕೈಯಿಟ್ಟು ಅದನ್ನು ಹೇಳಲಿ. ರಾತ್ರಿ ಪಾಳಿಯಿದ್ದ ದಿನ ಫೋನಿನಲ್ಲಿ ಹೇಳಲಿ. ಮೊದಲ ವಾರ ಎಲ್ಲರಿಗೂ ಮುಜುಗರ, ಮಗಳು ಕಣ್ಣು ತಿರುಗಿಸುತ್ತಾಳೆ. ನನಗೆ ಪರಿಚಯದ ಒಬ್ಬ ಬಸ್ ಡ್ರೈವರ್ ವರ್ಷಗಟ್ಟಲೆ ಇದನ್ನು ಮಾಡಿದರು. ಒಂದು ದಿನ ಜ್ವರ ಬಂದು ಬೇಗ ಮಲಗಿದರೆ, ಪಿಯುಸಿ ಓದುತ್ತಿದ್ದ ಮಗ ಬಂದು ಅಪ್ಪನ ಹಣೆಯ ಮೇಲೆ ಕೈಯಿಟ್ಟು ಅದೇ ಮಾತು ಹೇಳಿಹೋದನಂತೆ.

ಇನ್ನು, ಮಕ್ಕಳು "ಇದೇನು?" ಎಂದು ಕೇಳುವಂಥದ್ದು ಮನೆಯಲ್ಲಿ ಏನಿಡಬಹುದು? ಆಗಮನ ಕಾಲಕ್ಕೆ, ಅಂದರೆ ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲಕ್ಕೆ, ಮೋಂಬತ್ತಿ ಹಚ್ಚುವ ಹಸಿರು ಚಕ್ರ ಈಗ ನಮ್ಮ ಎಷ್ಟೋ ದೇವಾಲಯಗಳಲ್ಲಿದೆ. ಅದು ಹುಟ್ಟಿದ್ದೇ ಮಕ್ಕಳ ಪ್ರಶ್ನೆಯಿಂದ. 1839ರಲ್ಲಿ ಹ್ಯಾಂಬರ್ಗ್ ಊರಿನಲ್ಲಿ ಬಡ ಮಕ್ಕಳ ಆಶ್ರಮ ನಡೆಸುತ್ತಿದ್ದ ಯೋಹಾನ್ ಹಿನ್ರಿಖ್ ವಿಖರ್ನ್ ಎಂಬ ಪಾಸ್ಟರನ್ನು ಮಕ್ಕಳು ದಿನಾ "ಕ್ರಿಸ್ಮಸ್ ಬಂತಾ, ಬಂತಾ?" ಎಂದು ಪೀಡಿಸುತ್ತಿದ್ದರಂತೆ. ಆತ ಹಳೆಯ ಬಂಡಿಚಕ್ರವೊಂದಕ್ಕೆ ದಿನಕ್ಕೊಂದು ಚಿಕ್ಕ ಮೋಂಬತ್ತಿ, ಭಾನುವಾರಕ್ಕೊಂದು ದೊಡ್ಡದು ಸಿಕ್ಕಿಸಿ ತೂಗುಹಾಕಿದ. ನೀವು ಸ್ಟೀಲ್ ತಟ್ಟೆಯಲ್ಲಿ ನಾಲ್ಕು ಮೋಂಬತ್ತಿ ನಿಲ್ಲಿಸಿದರೂ ಆಯಿತು. ಬೆಂಕಿಕಡ್ಡಿ ಮಾತ್ರ ಮಗನ ಕೈಯಲ್ಲಿರಲಿ. ಕಡ್ಡಿ ಗೀರುವ ಅಧಿಕಾರ ಸಿಕ್ಕ ಏಳು ವರ್ಷದವನು ನಿದ್ದೆ ಹೋಗುವುದಿಲ್ಲ.

ಮಿಜೋರಾಮಿನ ಹೆಂಗಸರ ಒಂದು ಪದ್ಧತಿ ನನಗೆ ಬಹಳ ಹಿಡಿಸಿದೆ. 1910ರ ಸುಮಾರಿನಿಂದ ಅಲ್ಲಿನ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗ ಪ್ರತಿ ಸಲ ಒಂದು ಹಿಡಿ ತೆಗೆದು ಬೇರೆ ಇಡುತ್ತಾರೆ. ಅದನ್ನು ಕೂಡಿಸಿ ಸಭೆಗೆ ಕೊಡುತ್ತಾರೆ. ನಿಮ್ಮ ಮನೆಯ ಆ ಹಿಡಿ ಮಗನ ಚಿಕ್ಕ ಮುಷ್ಟಿಯದಾಗಲಿ. ಡಬ್ಬಿ ತುಂಬಿದ ದಿನ ಅದು ಯಾರ ಮನೆಗೆ ಹೋಗಬೇಕೆಂದು ಮಕ್ಕಳೇ ನಿರ್ಧರಿಸಲಿ, ಕೊಡಲು ಅವರೇ ಹೋಗಲಿ. ಕಾಣಿಕೆ ಎಂದರೆ ಅಪ್ಪ ಜೇಬಿನಿಂದ ತೆಗೆದು ಕೊಟ್ಟ ನೋಟನ್ನು ತಾನು ಚೀಲಕ್ಕೆ ಹಾಕುವುದು ಎಂದು ತಿಳಿದಿರುವ ಮಕ್ಕಳಿಗೆ ಇದು ಬೇರೆಯೇ ಪಾಠ.

ನೀವು ಕೇಳದ ಇನ್ನೊಂದು ಪ್ರಶ್ನೆ ಇವತ್ತಲ್ಲ ನಾಳೆ ಬರುತ್ತದೆ. ಗೆಳತಿಯ ಮನೆಯ ಗಣಪತಿ ಪ್ರಸಾದ ತಿನ್ನಬಹುದೇ ಎಂಬುದು. ಕೊರಿಂಥದ ಸಭೆಯಲ್ಲೂ ಇಂಥದ್ದೇ ಜಗಳವಿತ್ತು, ಪೌಲನ ಮೊದಲನೆಯ ಪತ್ರದ 8ರಿಂದ 10ನೆಯ ಅಧ್ಯಾಯಗಳನ್ನು ನೀವಿಬ್ಬರೂ ಮೊದಲು ಓದಿಕೊಂಡು ನಿಮ್ಮ ಮನೆಯ ನಿಲುವು ಮಾಡಿಕೊಳ್ಳಿ. ಸಭೆಸಭೆಗೆ ಇದರಲ್ಲಿ ಭೇದವಿದೆ. ಏನೇ ನಿರ್ಧರಿಸಿದರೂ ಗೆಳತಿಯ ದೇವರನ್ನು ಹಳಿಯುವ ಒಂದು ಮಾತೂ ನಿಮ್ಮ ಮನೆಯಲ್ಲಿ ಮಕ್ಕಳ ಕಿವಿಗೆ ಬೀಳಬಾರದು. ಕ್ರಿಸ್ಮಸ್ಸಿಗೆ ಕರ್ಚಿಕಾಯಿ ಚಕ್ಕುಲಿ ತಟ್ಟೆ ಹಿಡಿದು ಅದೇ ಗೆಳತಿಯ ಮನೆಗೆ ಮೊದಲು ಹೋಗುವವಳು ಮಗಳೇ ಆಗಲಿ.

ಹನ್ನೆರಡರವಳನ್ನು ಏಳರವನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಕೆಲವು ರಾತ್ರಿ ಅವಳು "ನಾನು ಪ್ರಾರ್ಥನೆ ಮಾಡಲ್ಲ" ಎಂದರೆ, "ಸರಿ, ನಮ್ಮ ಜೊತೆ ಕೂತಿರು" ಎನ್ನಿ. ಮೊಬೈಲ್ ಮಾತ್ರ ಎಲ್ಲರದ್ದೂ, ನಿಮ್ಮದೂ ಸೇರಿ, ಆ ಹತ್ತು ನಿಮಿಷ ಫ್ರಿಜ್ ಮೇಲೆ. ಇನ್ನು ಮೂರು ನಾಲ್ಕು ವರ್ಷದಲ್ಲಿ ದೃಢೀಕರಣದ (ತನ್ನ ನಂಬಿಕೆಯನ್ನು ಸಭೆಯ ಮುಂದೆ ತಾನೇ ಒಪ್ಪಿಕೊಳ್ಳುವ ವಿಧಿಯ) ತರಗತಿಗೆ ಹೋಗುವ ವಯಸ್ಸು ಬರುತ್ತದೆ. "ನನ್ನ ಜೊತೆಯವರೆಲ್ಲ ತಗೊಳ್ತಿದ್ದಾರೆ" ಎಂದು ಬಿಳಿ ಸೀರೆ ಉಟ್ಟು ನಿಲ್ಲುವುದಕ್ಕಿಂತ, ಒಂದು ವರ್ಷ ತಡವಾಗಿ, ಕೇಳುವುದನ್ನೆಲ್ಲ ಕೇಳಿ ಮುಗಿಸಿ ನಿಲ್ಲುವುದು ನನಗೆ ಹೆಚ್ಚು.

ಸೋತೆನೇ ಎಂದು ಕೇಳಿದ್ದೀರಿ. ಮಾರ್ಕನ 9ನೆಯ ಅಧ್ಯಾಯಕ್ಕೆ ಬಂದಾಗ ಗಮನಿಸಿ. ನಂಬುತ್ತೇನೆ, ನನ್ನ ಅಪನಂಬಿಕೆಗೂ ಸಹಾಯಮಾಡು ಎಂದು ಕೂಗಿಕೊಂಡವನು ಒಬ್ಬ ಅಪ್ಪ, ಮಗನನ್ನು ಕರೆದುಕೊಂಡು ಬಂದವನು. ಆ ಪುಟ ಬಂದ ರಾತ್ರಿ ಓದುವ ಸರದಿ ನಿಮ್ಮದಿರಲಿ.

ಕೊನೆಗೊಂದು ಸ್ವಾರ್ಥದ ಮಾತು. ಬೆಟಗೇರಿಯ ಹಿರಿಯರಿಗೆ ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್ ಕಾಲದ ಹಳೆಯ ರಾಗಗಳು ಗೊತ್ತಿರುತ್ತವೆ. ಹೊಸ ಸಂಗೀತ ಪುಸ್ತಕಗಳಲ್ಲಿ ಪದ ಉಳಿದಿದ್ದರೂ ರಾಗ ಹಿಡಿದು ಹಾಡುವವರು ಕಡಿಮೆಯಾಗುತ್ತಿದ್ದಾರೆ. ಮಗಳು ಹೇಗೂ ಮೊಬೈಲ್ ಬಿಡುವುದಿಲ್ಲ ಎಂದಿರಿ. ಅಜ್ಜಿಯನ್ನು ಕೂರಿಸಿ, ವಾರಕ್ಕೊಂದರಂತೆ ಅವರ ಹಾಡು ರೆಕಾರ್ಡ್ ಮಾಡುವ ಕೆಲಸ ಅವಳಿಗೆ ಕೊಡಿ. ಅಜ್ಜನಿಗೆ ಇಷ್ಟವಾದ ಹಾಡು ಯಾವುದಿತ್ತೋ ಅದರಿಂದ ಶುರುವಾಗಲಿ. ಸಾಧ್ಯವಾದರೆ ನನಗೊಂದು ಪ್ರತಿ ಕಳಿಸಲು ಹೇಳಿ. ನನಗೆ ಈಗೀಗ ಎರಡನೆಯ ಚರಣಕ್ಕೇ ರಾಗ ತಪ್ಪುತ್ತದೆ.